ಪುಸ್ತಕದೊಳಗಿನ ಗೋಡೆ

ಬೆಳಿಗ್ಗೆ ಬಂದ ಫೋನನ್ನು ಹಂಪೇಶ್ ಬಾಯ್ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಎತ್ತಿದ. ಬಾಯಿ ಖಾಲಿ ಇದ್ದಿದ್ದರೆ ಒಂದೆರಡು ಪ್ರಶ್ನೆ ಕೇಳುತ್ತಿದ್ದನೇನೋ, ಆಮೇಲಿನದು ಯಾವುದೂ ಆಗದೆ ಇರುತ್ತಿತ್ತೇನೋ. ನೊರೆ ಇದ್ದದ್ದರಿಂದ "ಹೂಂ, ಹೂಂ" ಎಂದಷ್ಟೇ ಹೇಳಿದ.

"ನಾನು ಶ್ರೀವಾಣಿ, ಬೆಂಗಳೂರಿಂದ. ವ್ಯಾಸರಾಜರ ಪುಸ್ತಕ ಮತ್ತೆ ಅಚ್ಚಾಗ್ತಾ ಇದೆ. ಇವತ್ತು ಸಂಜೆ ಅವರನ್ನೇ ಕರ್ಕೊಂಡು ನಿಮ್ಮನೆಗೆ ಬರ್ತಾ ಇದೀವಿ. ಕೊನೇ ಪುಟಕ್ಕೆ ಒಂದು ಹೊಸ ಚಿತ್ರ ಬೇಕು. ಅದೇ ಮನೆ, ಅದೇ ಜಂಬಮ್ಮ. ಈ ಸಲ ಪಕ್ಕದಲ್ಲಿ ಅವರ ಮಗ ನಿಂತಿರಬೇಕು ಅಂತ ರಾಯರ ಆಸೆ. ನಾಳಿದ್ದು ಪುಸ್ತಕ ಪ್ರೆಸ್ಸಿಗೆ ಹೋಗುತ್ತೆ, ಹಾಗಾಗಿ ಇವತ್ತೊಂದೇ ದಿನ. ಆಗಬಹುದಾ?"

"ಹೂಂ," ಎಂದ ಹಂಪೇಶ್. ನೊರೆ ಮೊಣಕೈವರೆಗೆ ಇಳಿದಿತ್ತು.

ಅದನ್ನು ಒರೆಸಿಕೊಳ್ಳುವುದನ್ನೂ ಅವನು ಮರೆತದ್ದಕ್ಕೆ ಕಾರಣವಿತ್ತು. ಐವತ್ತು ವರ್ಷದ ಹಿಂದೆ ಹೊಸಪೇಟೆಯ ವ್ಯಾಸರಾಜ ಎಂಬ ಯುವಕ ಕ್ಯಾಮರಾ ನೇತುಹಾಕಿಕೊಂಡು ಹಂಪಿ, ಸಂಡೂರು, ಕಂಪ್ಲಿಯ ಸುತ್ತ ಸೈಕಲ್ ತುಳಿದು, 'ಹೊಳೆಸಾಲಿನ ಬಣ್ಣಗಳು' ಎಂಬ ಪುಸ್ತಕ ಮಾಡಿದ್ದರು. ಬುಕ್ಕಸಾಗರದ ಗದ್ದೆಯ ಹಸಿರು, ಸಂಡೂರಿನ ಗುಡ್ಡದ ಕೆಂಪು, ಕಂಪ್ಲಿ ಹೊಳೆಯ ಬಂಡೆಯ ಮೇಲೆ ಒಣಹಾಕಿದ ಹಳದಿ ಸೀರೆ. ಎಲ್ಲ ಈ ಸೀಮೆಯ ಜನ ದಿನವೂ ನೋಡುವಂಥವೇ. ಆದರೆ ಪುಟ ತಿರುವಿದವರು, ತಾವು ಅಷ್ಟು ದಿನ ಕಣ್ಣು ಮುಚ್ಚಿಕೊಂಡು ಓಡಾಡುತ್ತಿದ್ದೆವೇನೋ ಎಂಬಂತೆ ತಲೆಯೆತ್ತಿ ಸುತ್ತ ನೋಡುತ್ತಿದ್ದರು. ಪ್ರತಿಗಳು ಬೇಗ ಮುಗಿದುಹೋದವು. ಮನೆಯಲ್ಲಿ ಒಂದು ಪ್ರತಿ ಇದೆಯೆಂದರೆ ಅಂಥ ಮನೆಗೆ ಹೆಣ್ಣು ಕೊಡಲು ಯಾರೂ ಹೆಚ್ಚು ವಿಚಾರಿಸುತ್ತಿರಲಿಲ್ಲ.

ಆ ಪುಸ್ತಕದಲ್ಲಿ ಎಲ್ಲರೂ ನೆನಪಿಟ್ಟುಕೊಂಡ ಚಿತ್ರ ಒಂದೇ. ಕಮಲಾಪುರದ ಒಂದು ಮನೆಯ ಮುಂದೆ, ಹಸಿರು ಸೀರೆಯ ಸೆರಗನ್ನು ತಲೆಮೇಲೆ ಹೊದ್ದ ಹೊಸ ಮದುಮಗಳು. ಸೊಂಟದ ಮೇಲೆ ಹಿತ್ತಾಳೆ ಕೊಡ, ಕಾಲ ಹತ್ತಿರ ಒಂದು ಕೋಳಿ. ಹಿಂದೆ ಗೋಡೆ. ಆ ಗೋಡೆಯ ಬಣ್ಣವನ್ನು ಏನೆಂದು ಕರೆಯಬೇಕೋ ಯಾರಿಗೂ ತಿಳಿಯದು. ಮಾಗಿದ ಪಪ್ಪಾಯಿಯನ್ನು ಸೀಳಿದಾಗ ಒಳಗೆ ಕಾಣುತ್ತದಲ್ಲ, ಅದಕ್ಕೆ ಹತ್ತಿರ. ಗೋಡೆಯೇ ಆ ಹುಡುಗಿಯ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ಕಳಿಸುತ್ತಿದೆ ಅನ್ನಿಸುತ್ತಿತ್ತು.

ಆ ಮದುಮಗಳು ಜಂಬಮ್ಮ, ಹಂಪೇಶನ ತಾಯಿ. ಚಿತ್ರದಲ್ಲಿ ಅವಳಿದ್ದಾಳೆ, ಮನೆಯಿದೆ, ಕೋಳಿಯೂ ಇದೆ. ಆಗ ಹುಟ್ಟಿರದಿದ್ದ ಹಂಪೇಶ್ ಮಾತ್ರ ಇಲ್ಲ. ಹುಟ್ಟಿದ ಮೇಲೂ ಊರಿಗೆ ಅವನು "ಪುಸ್ತಕದ ಜಂಬಮ್ಮನ ಮಗ" ಅಷ್ಟೆ. ಬಾಳೆಕಾಯಿ ಮಂಡಿಯಲ್ಲಿ ಕೂತು ಕೂತು ಅವನ ಹೊಟ್ಟೆ ಬಂದಿತ್ತು, ತಲೆ ಬೋಳಾಗುತ್ತಿತ್ತು. ಕೋಳಿಗೆ ಸಿಕ್ಕ ಜಾಗ ತನಗೆ ಸಿಗಲಿಲ್ಲ ಎಂಬ ಕೊರಗು ಮಾತ್ರ ಹಾಗೇ ಇತ್ತು. ಇವತ್ತು ಸಂಜೆ ಅದು ತೀರುವುದಿತ್ತು.

ಬಾಯಿ ಮುಕ್ಕಳಿಸಿ ಅಂಗಳಕ್ಕೆ ಬಂದು ಗೋಡೆ ನೋಡಿದವನು ಅಲ್ಲೇ ನಿಂತುಬಿಟ್ಟ. ಗೋಡೆ ಬೆಳ್ಳಗಿತ್ತು. ಅವನಿಗೆ ಬುದ್ಧಿ ಬಂದಾಗಿನಿಂದಲೂ ಅದು ಸುಣ್ಣದ ಗೋಡೆಯೇ. ಆದರೆ ಇವತ್ತು ಮೊದಲ ಸಲ ಅದು ಒಂದು ತಪ್ಪಿನಂತೆ ಕಂಡಿತು.

ಜಂಬಮ್ಮ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಅವ್ವಾ, ಫೋಟೊ ತೆಗೆದಾಗ ಈ ಗೋಡಿ ಯಾವ ಬಣ್ಣ ಇತ್ತು?"

"ನಂಗೇನು ಗೊತ್ತಪ್ಪ, ಗೋಡಿ ನನ್ನ ಬೆನ್ನಿಗಿತ್ತು. ಮದಿವಿ ಆಗಿ ವಾರ ಆಗಿತ್ತು. ತೆಲಿ ಎತ್ತಿದ್ರ ನಿಮ್ಮಜ್ಜಿ ಬೈತಿದ್ಲು. ನಾನು ನೋಡಿದ್ದಂದ್ರ ನನ್ನ ಕಾಲ್ಬೆರಳು, ಆ ಕೋಳಿ. ತೆಲಿ ಎತ್ತಮ್ಮಾ ಅಂತ ಆ ರಾಯ್ರು ಅಂದಾಗ ಒಂದ್ಸಲ ಎತ್ತಿದೆ. ಎದುರಿಗೆ ಕ್ಯಾಮರಾ ಇತ್ತು."

"ಆಮ್ಯಾಲೆ ನೋಡಿರ್ಬೇಕಲ್ಲ?"

"ಆಮ್ಯಾಲೆ ನಿಮ್ಮಪ್ಪ ಉಗಾದಿಗೆ ಸುಣ್ಣ ಹೊಡ್ದ. ಅದಕೂ ಮೊದ್ಲಿಂದು ಯಾರಿಗೆ ನೆಪ್ಪೈತಿ. ಪುಸ್ತಕದಾಗೇ ಐತಲ್ಲೋ, ಕೆಂಪಗೆ. ಪುಸ್ತಕ ಯಾಕ ಸುಳ್ಳು ಹೇಳ್ತೈತಿ?"

ಹಂಪೇಶನ ಹೆಂಡತಿ ಪೂಜಿತಾ ಒಳಗಿನಿಂದ ಬಂದಳು. "ರೀ, ಆ ಶ್ರೀವಾಣಿ ಮೇಡಮ್ಮಿಗೆ ಒಂದು ಫೋನ್ ಹಚ್ಚಿ ಕೇಳ್ರಿ. ಗೋಡಿ ಹಿಂಗ ಇದ್ರ ನಡೀತೈತೇನು ಅಂತ."

"ಕೇಳಿ ಸಿಕ್ಕಿಬೀಳ್ಲೇನು? ಅದೇ ಮನಿ ಅಂತ ಬರಾಕತ್ಯಾರ. ಗೋಡಿ ಬದಲಾಗೈತಿ ಅಂದ್ರ ಚಿತ್ರಾನೇ ಬ್ಯಾಡ ಅಂತಾರ."

"ಕೇಳಿದ್ರ ಒಂದು ಫೋನ್ ಹೋಗ್ತೈತಿ. ಕೇಳ್ದಿದ್ರ ಒಂದು ದಿನ ಹೋಗ್ತೈತಿ," ಎಂದು ಪೂಜಿತಾ ಒಳಗೆ ಹೋದಳು. ಅವಳು ಎಂ.ಎ. ಓದಿದವಳು. ಮನೆಯಲ್ಲಿ ಅವಳ ಮಾತನ್ನು ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು, ಅಷ್ಟೆ.

ನಡುಮನೆಯಲ್ಲಿ ದೇವರ ಪಟಗಳ ಸಾಲಿನಲ್ಲಿ ಆ ಪುಟಕ್ಕೆ ಕಟ್ಟು ಹಾಕಿಸಿ ತೂಗುಹಾಕಿತ್ತು. ರಾಯರು ಆಗ ಕೊಟ್ಟಿದ್ದ ಪ್ರತಿಯಿಂದ ಹಂಪೇಶನ ಅಪ್ಪ ಅದನ್ನು ಕತ್ತರಿಸಿ ತೆಗೆದಿದ್ದ. ಉಳಿದ ಪುಸ್ತಕವನ್ನು ಯಾರೋ ನೋಡಿ ಕೊಡುತ್ತೇನೆಂದು ಒಯ್ದವರು ಇನ್ನೂ ನೋಡುತ್ತಲೇ ಇದ್ದರು. ಹಂಪೇಶ್ ಪಟವನ್ನು ಇಳಿಸಿ, ಟವೆಲ್ಲಿನಲ್ಲಿ ಸುತ್ತಿ, ಕೂಸನ್ನು ಆಸ್ಪತ್ರೆಗೆ ಒಯ್ಯುವವನಂತೆ ಬೈಕಿನ ಮುಂದೆ ಇಟ್ಟುಕೊಂಡು ಹೊಸಪೇಟೆಗೆ ಹೋದ.

ಬಣ್ಣದಂಗಡಿಯವನು ಒಂದು ಸಣ್ಣ ಯಂತ್ರವನ್ನು ಚಿತ್ರದ ಗೋಡೆಯ ಮೇಲಿಟ್ಟು ಗುಂಡಿ ಒತ್ತಿದ. "ಕಂಪ್ಯೂಟರ್ ಏನು ಹೇಳ್ತೈತೋ ಅದೇ ಬಣ್ಣ ಅಣ್ಣಾ. ಒಂದು ಕೂದಲೆಳಿ ಫರಕ್ ಬರಲ್ಲ."

ಫರಕ್ ಬರಲಿಲ್ಲ. ಹಂಪೇಶ್ ಮನೆಗೆ ಬಂದು, ಲುಂಗಿ ಎತ್ತಿಕಟ್ಟಿ, ಏಣಿ ಹತ್ತಿ, ಗೋಡೆಯ ಅರ್ಧದಷ್ಟು ಬಳಿದು ಇಳಿದು ನೋಡಿದಾಗ ಗೋಡೆ ಬದನೆ ಹೂವಿನ ಬಣ್ಣಕ್ಕೆ ಬಂದಿತ್ತು. ಪಟವನ್ನು ತಂದು ಪಕ್ಕಕ್ಕೆ ಹಿಡಿದ. ಪಟದಲ್ಲಿನ ಗೋಡೆಯೂ ಬದನೆ ಹೂವಿನ ಬಣ್ಣವೇ. ಇಷ್ಟು ವರ್ಷ ಅದನ್ನು ಕೆಂಪೆಂದೇ ನೋಡಿದ್ದ.

ಎದುರು ಮನೆಯ ದೊಡ್ಡಬಸಪ್ಪ ಪೇಪರ್ ಮಡಚಿಕೊಂಡು ಬಂದರು. ಪೋಸ್ಟ್ ಮಾಸ್ತರರಾಗಿ ನಿವೃತ್ತರಾದ ಮೇಲೆ ಬೀದಿಯ ಸಮಸ್ಯೆಗಳನ್ನೆಲ್ಲ ಅವರೇ ವಿಲೇವಾರಿ ಮಾಡುತ್ತಿದ್ದರು.

"ಏನೋ ಹಂಪೇಶಿ, ಇದು ಮನಿನೋ ಬದನಿಕಾಯಿ ತ್ವಾಟನೋ?"

"ಪಟದಾಗ ಹಿಂಗೇ ಐತ್ರಿ ಮಾಸ್ತರ್ರ."

"ಪಟ ಎಲ್ಲಿತ್ತು? ಕಿಡಕಿ ಎದುರಿಗಿತ್ತು. ಬಿಸಿಲು ತಿಂದೈತಿ. ಬಿಸಿಲು ಮೊದ್ಲು ಕೆಂಪು ತಿಂತೈತಿ, ಹಳದಿ ತಿಂತೈತಿ, ನೀಲಿ ಬಿಟ್ಬಿಡ್ತೈತಿ. ನಮ್ಮ ಆಫೀಸಿನಾಗ ಗೋಡಿಗೆ ಹಚ್ಚಿದ ಮಂತ್ರಿಗೋಳೆಲ್ಲ ಕೊನಿಕೊನಿಗೆ ನೀಲಿಗೆ ತಿರುಗಿದ್ರು."

ಪಕ್ಕದ ಮನೆಯ ಊರಮ್ಮ ಕಸಬರಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಜಂಬಮ್ಮನಿಗಿಂತ ಎರಡು ವರ್ಷ ಮೊದಲು ಈ ಬೀದಿಗೆ ಸೊಸೆಯಾಗಿ ಬಂದವಳು. ಎರಡು ಮನೆಗೂ ನಡುವೆ ಒಂದು ಗೇಣು ಸಂದು. ಆ ಹೆಸರಾಂತ ಚಿತ್ರದಲ್ಲಿ ಅವಳೂ ಇದ್ದಳು: ಎಡ ಅಂಚಿನಲ್ಲಿ, ಒಂದು ಮೊಣಕೈ. ಹಂಪಿಗೆ ಬಂದ ಪ್ರವಾಸಿಗಳು ಯಾರಾದರೂ ಚಿತ್ರದ ಮನೆ ಹುಡುಕಿಕೊಂಡು ಬಂದರೆ ಅವಳು ರವಿಕೆಯ ತೋಳು ಸರಿಸಿ ಮೊಣಕೈ ತೋರಿಸುತ್ತಿದ್ದಳು.

"ಯಾರ್ನ ಕೇಳಿ ಬಳದ್ಯೋ?" ಎಂದಳು ಊರಮ್ಮ. "ಕಣ್ಣಾರೆ ನೋಡಿದಾಕಿ ಮಗ್ಗಲ ಮನ್ಯಾಗದಾಳ, ಪಟಕ್ಕ ಹೋಗಿ ಕೇಳ್ಯಾನ. ಅದು ಸಂಡೂರು ಕೆಮ್ಮಣ್ಣು. ನಿಮ್ಮಜ್ಜ ಬಂಡಿ ಕಟ್ಟಿಕೊಂಡು ಹೋಗಿ ತಂದಿದ್ದ. ಈ ಕಣ್ಣಿಲೇ ನೋಡೀನಿ."

"ಖರೇನಾ ಅತ್ತೀ?"

"ಸುಳ್ಳು ಹೇಳಿದ್ರ ನನಗೇನು ಸಿಗ್ತೈತಿ? ಪುಸ್ತಕದಾಗ ಬರಾಕಿ ನಿಮ್ಮವ್ವ. ನನ್ನದೇನಿದ್ರೂ ಮೊಣಕೈ."

ಹಂಪೇಶ್ ಮತ್ತೆ ಬೈಕ್ ಹತ್ತಿದ. ಸಂಡೂರಿನ ದಾರಿಯಲ್ಲಿ ರಸ್ತೆ ಬದಿಯ ದಿಬ್ಬದಲ್ಲಿ ಒಳ್ಳೆಯ ಕೆಮ್ಮಣ್ಣು ಸಿಕ್ಕಿತು. ಚೀಲಕ್ಕೆ ತುಂಬಿ ಹಿಂದಿನ ಸೀಟಿಗೆ ಕಟ್ಟಿಕೊಂಡು ಹೊರಟ. ಚೀಲದ ಮೂಲೆಯಲ್ಲಿ ಒಂದು ತೂತಿತ್ತು. ಹಿಂದಿನಿಂದ ಗಾಳಿ, ಮುಂದೆ ಸಾಲುಗಟ್ಟಿದ ಅದಿರಿನ ಲಾರಿಗಳು. ತಪಾಸಣೆಯ ಗೇಟಿನ ಹತ್ತಿರ ಬರುವಷ್ಟರಲ್ಲಿ ಅವನೂ ಬೈಕೂ ಒಂದೇ ಬಣ್ಣಕ್ಕೆ ಬಂದಿದ್ದರು. ಗೇಟಿನ ಕಾವಲಿನವನು ಲಾರಿಗಳನ್ನು ಬಿಟ್ಟು ಅವನ ಕಡೆಗೆ ಬಂದ.

"ಚೀಲದಾಗ ಏನೈತಿ?"

"ಮಣ್ಣು ಸರ. ಗೋಡಿಗೆ ಬಳ್ಯಾಕ."

"ಎಲ್ಲಾರೂ ಮಣ್ಣೇ ಅಂತಾರ. ಪರ್ಮಿಟ್ ಎಲ್ಲಿ?"

"ಒಂದು ಚೀಲಕ್ಕ ಪರ್ಮಿಟ್ಟಾ ಸರ?"

"ಒಂದು ಚೀಲ ಅಂತಾನೇ ಶುರು ಆಗೋದು. ಈ ಗುಡ್ಡ ಹೆಂಗ ಕರಗ್ತು ಅಂದ್ಕೊಂಡಿ?"

ಹಂಪೇಶನಿಗೆ ಅಳು ಬರುವಂತಾಯಿತು. ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದ ಪಟದ ಚಿತ್ರವನ್ನು ತೋರಿಸಿ, ಅವ್ವ, ಪುಸ್ತಕ, ರಾಯರು, ಕೋಳಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಕಾವಲಿನವನು ಮೊಬೈಲನ್ನು ನೆರಳಿಗೆ ಒಯ್ದು ನೋಡಿದ. ನೋಡುತ್ತಲೇ ಇದ್ದ. ಹಿಂದೆ ಲಾರಿಗಳು ಹಾರ್ನ್ ಹೊಡೆದವು.

"ನಮ್ಮಮ್ಮನೂ ಕೊಡ ಹಿಂಗೇ ಹಿಡಿತಿದ್ಲು," ಎಂದ. "ಬಣ್ಣ ಹೋಗಿದ್ರೂ ಏನು ಚಂದ ತೆಗದಾರ ನೋಡು. ಹೊಸಾ ಪುಸ್ತಕ ಯಾವಾಗ ಬರ್ತೈತಿ?"

ಅವನು ಹಂಪೇಶನನ್ನು ಬಿಟ್ಟ. ಆದರೆ ಕಾನೂನು ಕಾನೂನೇ ಎಂದು ಅರ್ಧ ಚೀಲ ಮಣ್ಣನ್ನು ಅಲ್ಲೇ ಸುರಿಸಿಕೊಂಡ.

ಮನೆ ಮುಂದೆ ಬೈಕ್ ನಿಲ್ಲಿಸಿದಾಗ ಜಂಬಮ್ಮ ತಲೆಯೆತ್ತಿ ನೋಡಿ, "ಯಾರಪ್ಪಾ? ಹಂಪೇಶ್ ಮನ್ಯಾಗಿಲ್ಲ, ಸಂಡೂರಿಗೆ ಹೋಗ್ಯಾನ," ಎಂದಳು.

ಕೆಮ್ಮಣ್ಣು ಕಲಸಿ ಬಳಿದರು. ಬದನೆ ಹೂವಿನ ಮೇಲೆ ಕೆಂಪು ಕೂತು, ಅದಿರಿನ ಲಾರಿಯೊಂದು ಮನೆಯೊಳಗೆ ನುಗ್ಗಲು ಹೋಗಿ ಗೋಡೆಯಾಗಿ ನಿಂತುಬಿಟ್ಟಂತೆ ಕಂಡಿತು. ಅಲ್ಲಲ್ಲಿ ಹರಳು ಮಿಂಚುತ್ತಿದ್ದವು.

"ಇದೇ ನೋಡು, ಇದೇ," ಎಂದಳು ಊರಮ್ಮ, ಸ್ವಲ್ಪ ಮೆಲ್ಲಗೆ.

ಅಷ್ಟರಲ್ಲಿ ಕಂಪ್ಲಿ ಬಸ್ಸಿನಿಂದ ಇಳಿದು ಹಂಪೇಶನ ಅಕ್ಕ ಗಂಗಾಂಬಿಕಾ ಬಂದಳು. ಜಂಬಮ್ಮ ಬೆಳಿಗ್ಗೆಯೇ ಮಗಳಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದ್ದಳು. ರಾಯರು ಕೊಟ್ಟಿದ್ದ ಇನ್ನೊಂದು ಪ್ರತಿ ಗಂಗಾಂಬಿಕಾಳ ಮದುವೆಯಲ್ಲಿ ಅವಳ ಜೊತೆ ಕಂಪ್ಲಿಗೆ ಹೋಗಿತ್ತು. ಟ್ರಂಕಿನ ತಳದಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ ಅದನ್ನು ಇಟ್ಟಿದ್ದಳು. ಗಂಡನಿಗೂ ಮುಟ್ಟಲು ಕೊಡುತ್ತಿರಲಿಲ್ಲ; ಕೇಳಿದರೂ ಕೊಡಲಾರಳೆಂದು ಹಂಪೇಶ್ ಕೇಳಿರಲೂ ಇಲ್ಲ. ಇವತ್ತು ಎದೆಗವಚಿಕೊಂಡು ತಾನೇ ತಂದಿದ್ದಳು.

ಗೋಡೆಯನ್ನು ನೋಡಿದಳು. ತಮ್ಮನನ್ನು ನೋಡಿದಳು. "ಯಾವ್ದು ಗೋಡಿ, ಯಾವ್ದು ನೀನು, ಒಂದೂ ತಿಳಿವಲ್ದು," ಎಂದು ಕಟ್ಟೆಯ ಮೇಲೆ ಕೂತು, ಕೈ ಒರೆಸಿಕೊಂಡು, ಸೀರೆಯ ಮಡಿಕೆ ಬಿಚ್ಚಿ ಪುಸ್ತಕ ತೆರೆದಳು.

ಬೀದಿಯವರೆಲ್ಲ ಕತ್ತು ಚಾಚಿದರು. ಬಿಸಿಲು ಕಾಣದ ಪುಟ. ಸೀರೆ ಈಗ ತಾನೇ ನೆನೆದ ಭತ್ತದ ಸಸಿಯಷ್ಟು ಹಸಿರು. ಕೊಡದ ಅಂಚಿನಲ್ಲಿ ಒಂದು ಗೆರೆ ಬೆಳಕು. ಮದುಮಗಳ ಮುಖದಲ್ಲಿ ಹೆದರಿಕೆಯಿತ್ತು, ಹೆದರಿಕೆಯ ಹಿಂದೆಯೇ ಇನ್ನೇನು ಬರಲಿರುವ ನಗುವೂ ಇತ್ತು. ಮತ್ತು ಆ ಗೋಡೆ. ಬದನೆ ಹೂವೂ ಅಲ್ಲ, ಅದಿರೂ ಅಲ್ಲ. ದೊಡ್ಡಬಸಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಜಂಬಮ್ಮ ಪುಟವನ್ನು ಮುಟ್ಟಲು ಹೋಗಿ, ಮಗಳ ಮುಖ ನೋಡಿ, ಕೈ ಹಿಂದೆಗೆದುಕೊಂಡಳು.

"ಇಷ್ಟು ಚಂದ ಇದ್ದೆನೇನೇ ನಾನು?" ಎಂದಳು.

"ಇದ್ದಿ ಬಿಡು. ನನ್ನ ಮೊಣಕೈನೂ ಏನು ಕಮ್ಮಿ ಇರಲಿಲ್ಲ," ಎಂದಳು ಊರಮ್ಮ.

ಅಲ್ಲಿಂದ ಮುಂದೆ ಪೂಜಿತಾ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ನಿಂತಳು. ಬಚ್ಚಲಿನ ಹಂಡೆ ಅಂಗಳಕ್ಕೆ ಬಂತು. ಕಮಲಾಪುರದ ಅಂಗಡಿಯಿಂದ ಹಳದಿ ಡಿಸ್ಟೆಂಪರ್, ಉಳಿದಿದ್ದ ಕೆಮ್ಮಣ್ಣು, ಒಂದಿಷ್ಟು ಸುಣ್ಣ. ಪುಸ್ತಕ ಗಂಗಾಂಬಿಕಾಳ ತೊಡೆಯ ಮೇಲೆ ತೆರೆದಿತ್ತು; ಅವಳು ಅದನ್ನು ಹಂಡೆಯಿಂದ ನಾಲ್ಕು ಮಾರು ದೂರವೇ ಇಟ್ಟುಕೊಂಡಿದ್ದಳು. ಪೂಜಿತಾ ಕಲಸುವುದು, ರಟ್ಟಿನ ಚೂರಿಗೆ ಬಳಿದು ಒಣಗಿಸುವುದು, ಒಯ್ದು ಪುಟದ ಪಕ್ಕ ಹಿಡಿಯುವುದು. ಸುತ್ತ ನಿಂತವರು ಮದುವೆ ಸೀರೆ ಆರಿಸುವವರಂತೆ ಮಾತಾಡಿದರು.

"ಇನ್ನೊಂದು ಚೂರು ಹಳದಿ ಹಾಕವ್ವ."

"ಬ್ಯಾಡ ಬ್ಯಾಡ, ಖಾರ ಕಮ್ಮಿ ಐತಿ. ಕೆಂಪು ಹಾಕು."

"ಸುಣ್ಣ ಮ್ಯಾಲಾತು. ಸಪ್ಪಗೈತಿ."

ಕಡೆಗೊಮ್ಮೆ ಪೂಜಿತಾ ರಟ್ಟನ್ನು ಪುಟದ ಮೇಲೆ ಎಲ್ಲಿಟ್ಟಳೋ ಅಲ್ಲೇ ಅದು ಗೋಡೆಯ ಬಣ್ಣದಲ್ಲಿ ಕರಗಿ ಕಾಣದಾಯಿತು. ಎಲ್ಲರೂ "ಹಾಂ" ಎಂದರು.

ಬಳಿಯುವಾಗ ಹಂಪೇಶನಿಗೆ ಇನ್ನೊಂದು ಚಿಂತೆ ಹುಟ್ಟಿತು. ಊರಮ್ಮನ ಸುಣ್ಣದ ಗೋಡೆಯ ಅಂಚೂ ಚಿತ್ರದಲ್ಲಿ ಬಂದರೆ? "ಅತ್ತೀ, ನಿಮ್ಮ ಗೋಡಿಗೂ ಒಂದು ಮೊಳ ಹಚ್ತೀನ್ರಿ, ಹೊಂದಿಕಿ ಆಗ್ತೈತಿ."

"ಮುಟ್ಟಿ ನೋಡು. ಶ್ರಾವಣದಾಗ ಸುಣ್ಣ ಹೊಡಿಸೀನಿ. ನಿಮ್ಮನಿ ಹುಚ್ಚಾಟ ನನ್ನ ಗೋಡಿಗೆ ತರಬ್ಯಾಡ."

ಹೊತ್ತು ಇಳಿಯುತ್ತಿತ್ತು, ಗೋಡೆ ಹಸಿಯಾಗಿತ್ತು. ಬೀದಿಯ ಮನೆಗಳಿಂದ ಟೇಬಲ್ ಫ್ಯಾನ್‌ಗಳು ಬಂದವು. ಕರೆಂಟು ಹೋಯಿತು. ಆಗ ಹೆಂಗಸರೆಲ್ಲ ಮೊರ ಹಿಡಿದು ಸಾಲಾಗಿ ನಿಂತು, ಕಣದಲ್ಲಿ ಭತ್ತ ತೂರುವಂತೆ ಗೋಡೆಗೆ ಗಾಳಿ ಹಾಕಿದರು. ದೊಡ್ಡಬಸಪ್ಪನವರು ಇವತ್ತಿನ ಪೇಪರನ್ನೇ ಬೀಸಿದರು. ದಾರಿಯಲ್ಲಿ ಹೋಗುತ್ತಿದ್ದ ಆಟೊ ನಿಂತು, ಒಳಗಿದ್ದ ಇಬ್ಬರು ಪ್ರವಾಸಿಗಳು ಇದು ಈ ಕಡೆಯ ಹಬ್ಬವೆಂದು ಕೈಮುಗಿದು ಹೋದರು.

ಗೋಡೆ ಒಣಗಿತು. ಬಣ್ಣ ಪುಟದ ಬಣ್ಣಕ್ಕೆ ಸರಿಯಾಗಿ ಕೂಡಿತು. ಹಂಪೇಶ್ ಸೀಮೆಎಣ್ಣೆ ಹಚ್ಚಿ, ಸೋಪು ಹಚ್ಚಿ, ಮೈ ಉಜ್ಜಿಕೊಂಡು, ಬಿಳಿ ಅಂಗಿ ತೊಟ್ಟು ಹೊರಗೆ ಬಂದಾಗ ಅವನಿಗೇ ಮನೆಯ ಗುರುತು ಸಿಗಲಿಲ್ಲ. ಹುಟ್ಟುವ ಮೊದಲಿನ ಮನೆ ಅದು. ಅದರ ಮುಂದೆ ನಿಲ್ಲಲು ಅವನಿಗೆ ಒಂಥರಾ ನಾಚಿಕೆಯಾಯಿತು.

ಕಾರು ಬಂತು. ಶ್ರೀವಾಣಿ ಮೊದಲು ಇಳಿದಳು. ಆಮೇಲೆ, ಕೋಲೂರಿಕೊಂಡು, ಸಣಕಲು ಮೈಯ, ಬೆಳ್ಳಿ ಕೂದಲಿನ ವ್ಯಾಸರಾಜರು. ಎಂಬತ್ತು ದಾಟಿದ್ದರೂ ಕ್ಯಾಮರಾವನ್ನು ಬೇರೆಯವರ ಕೈಗೆ ಕೊಟ್ಟಿರಲಿಲ್ಲ.

"ಜಂಬಮ್ಮ, ಹೆಂಗದಿಯಮ್ಮ? ಕೊಡ ಎಲ್ಲಿ?"

"ಕೊಡ ಮೊಮ್ಮಗಳ ಮದಿವ್ಯಾಗ ಕೊಟ್ಟೀನ್ರಿ ರಾಯರ. ಕೋಳಿ ಆಗ್ಲೇ ತಿಂದ್ವಿ."

ರಾಯರು ನಕ್ಕರು. ನಗುತ್ತಲೇ ಗೋಡೆಯ ಕಡೆ ತಿರುಗಿದವರು ಹಾಗೇ ನಿಂತರು. ಹತ್ತಿರ ಹೋಗಿ ಅಂಗೈಯಿಂದ ಮುಟ್ಟಿದರು. ಬೀದಿಗೆ ಬೀದಿಯೇ ಹತ್ತಿರ ಸರಿಯಿತು.

"ಇದನ್ನ ಯಾರು ಕೂಡಿಸಿದ್ರಪ್ಪಾ?"

"ನನ್ನ ಹೆಂಡ್ತಿ ಪೂಜಿತಾ ರೀ. ಎಲ್ಲಾರೂ ಸೇರಿ ಮಾಡೀವ್ರಿ. ಪುಸ್ತಕದಾಗ ಇದ್ದಂಗೇ ಐತಲ್ರಿ?"

"ಐತಿ. ಕೂದಲೆಳಿನೂ ಫರಕ್ ಇಲ್ಲ," ಎಂದರು ರಾಯರು, ಪೂಜಿತಾಳ ಕಡೆ ಕೈ ಜೋಡಿಸಿ. "ಈ ಬಣ್ಣ ಮಾದರಿ ಅಚ್ಚಿನಾಗ ತರಾಕ ಪ್ರೆಸ್ಸಿನವರು ಎಷ್ಟು ಒದ್ದಾಡ್ಯಾರ ಅಂತ ಶ್ರೀವಾಣಿನ್ನ ಕೇಳು. ನೀವು ಒಂದು ದಿನದಾಗ ಮಾಡೀರಿ."

ಹಂಪೇಶನಿಗೆ ಬೆಳಗಿನಿಂದ ತಿಂದ ಧೂಳೆಲ್ಲ ಸಕ್ಕರೆಯಾಯಿತು. "ಹಂಗಾರ ಅವ್ವನ ಮಗ್ಗಲಕ್ಕ ನಿಂದರ್ಲೇನ್ರಿ?"

"ಅವಸರ ಬ್ಯಾಡ. ಸ್ವಲ್ಪ ಕುಂದ್ರೂಣು," ಎಂದು ರಾಯರು ಕುರ್ಚಿ ಎಳೆದುಕೊಂಡು, ಗೋಡೆಗಲ್ಲ, ಪಡುವಣದ ಕಡೆಗೆ ಮುಖ ಮಾಡಿ ಕೂತರು. ಚಹಾ ಬಂತು. ಅವರು ಕುಡಿಯಲಿಲ್ಲ, ಲೋಟ ಹಿಡಿದುಕೊಂಡು ಗುಡ್ಡವನ್ನೇ ನೋಡುತ್ತಿದ್ದರು. ಕಬ್ಬಿನ ಗದ್ದೆಗಳ ಕಡೆಯಿಂದ ಟ್ರ್ಯಾಕ್ಟರುಗಳು ಎಬ್ಬಿಸಿದ ಧೂಳು ಸಣ್ಣಗೆ ತೇಲುತ್ತಿತ್ತು. ಹೊತ್ತು ಅದರೊಳಗೆ ಇಳಿಯಿತು.

ಎರಡು ಬಂಡೆಗಳ ನಡುವಿನಿಂದ ಬೆಳಕು ಬೀದಿಗೆ ಬಿತ್ತು.

ಹಂಪೇಶನ ಗೋಡೆ ಬೆಂಕಿ ಹತ್ತಿದಂತಾಯಿತು. ಅಷ್ಟು ಕಷ್ಟಪಟ್ಟು ಕೂಡಿಸಿದ ಬಣ್ಣ ಬೆಳಕನ್ನು ಕುಡಿದು, ತಳ ಹಿಡಿದ ಬೆಲ್ಲದ ಪಾಕದಂತೆ ಉರಿಗೆಂಪಾಯಿತು. ನೋಡಿದರೆ ಕಣ್ಣು ಕುಟುಕುತ್ತಿತ್ತು. ಹಂಪೇಶ್ ಕಣ್ಣು ಪಕ್ಕಕ್ಕೆ ಹೊರಳಿಸಿದ. ಎಲ್ಲರೂ ಆ ಕಡೆಗೇ ನೋಡುತ್ತಿದ್ದರು.

ಊರಮ್ಮನ ಸುಣ್ಣದ ಗೋಡೆ ಮಾಗಿದ ಪಪ್ಪಾಯಿಯಾಗಿತ್ತು. ಅದೇ ಬಣ್ಣ, ಗಂಗಾಂಬಿಕಾಳ ಮಡಿಲಲ್ಲಿ ತೆರೆದಿದ್ದ ಪುಟದ್ದೇ. ಪುಟದಲ್ಲಿ ನಿಂತಿದ್ದದ್ದು ಇಲ್ಲಿ ಉಸಿರಾಡುತ್ತಿತ್ತು. ಊರಮ್ಮ ತನ್ನ ಮನೆಯನ್ನು ಯಾರೋ ಬದಲಾಯಿಸಿದ್ದಾರೆಂಬಂತೆ ಎರಡು ಹೆಜ್ಜೆ ಹಿಂದೆ ಸರಿದಳು.

"ಇದು ಯಾವಾಗಿಂದ ಹಿಂಗ ಆಗಾಕತ್ತೈತಿ?" ಎಂದಳು.

"ಯಾವಾಗ್ಲೂ ಆಗ್ತೈತಮ್ಮ. ಚಳಿಗಾಲದಾಗ, ಗಾಳಿಯಾಗ ಧೂಳಿದ್ದ ದಿನ, ಒಂದು ಹತ್ತು ನಿಮಿಷ," ಎಂದರು ರಾಯರು ಎದ್ದು ನಿಲ್ಲುತ್ತ. "ಫೋಟೊ ತೆಗೆದಾಗ ಜಂಬಮ್ಮನ ಗೋಡಿನೂ ಬೆಳ್ಳಗಿತ್ತು. ಆಗ ನಾನೂ ಒಂದು ವಾರ ಈ ಕಟ್ಟಿ ಮ್ಯಾಲೆ ಕುಂತಿದ್ದೆ. ಜಂಬಮ್ಮನ ಅತ್ತಿ ದಿನಾ ಬೈತಿದ್ರು, ಹೊಸಾ ಸೊಸಿ ನೋಡಾಕ ಬಂದಾನ ಅಂತ. ನಾನು ಈ ಬೆಳಕಿನ ದಾರಿ ಕಾಯಾಕತ್ತಿದ್ದೆ."

ಇಡೀ ಬೀದಿ ಇಲ್ಲೇ ಹುಟ್ಟಿ ಬೆಳೆದು ಮುದಿಯಾಗಿತ್ತು. ಸಂಜೆಯ ಆ ಹತ್ತು ನಿಮಿಷ ಎಲ್ಲರೂ ಹಾಲು ತರುವುದರಲ್ಲಿ, ದನ ಕಟ್ಟುವುದರಲ್ಲಿ ಇದ್ದರು. ಹೊಸಪೇಟೆಯಿಂದ ಸೈಕಲ್ ತುಳಿದು ಬಂದವನೊಬ್ಬ ಕೂತು ನೋಡಿದ್ದ.

"ಮತ್ತ ಕೆಮ್ಮಣ್ಣು?" ಎಂದ ಹಂಪೇಶ್, ಊರಮ್ಮನ ಕಡೆ ತಿರುಗಿ.

"ಕಟ್ಟಿ ಸಾರಿಸಾಕ ತಂದಿದ್ರೇನೋ ಬಿಡಪ್ಪ," ಎಂದಳು ಊರಮ್ಮ.

"ಮಾತು ಆಮ್ಯಾಲೆ. ಜಂಬಮ್ಮ, ಊರಮ್ಮನ ಗೋಡಿಗೆ ಹೋಗಿ ನಿಂದ್ರು, ಜಲ್ದಿ," ಎಂದರು ರಾಯರು. ಜಂಬಮ್ಮ ಹೋದಳು. ಹಂಪೇಶ್ ಅಂಗಿಯ ತುದಿ ಎಳೆದುಕೊಂಡು ಹಿಂದೆಯೇ ಓಡಿದ. ರಾಯರು ಕ್ಯಾಮರಾಕ್ಕೆ ಕಣ್ಣಿಟ್ಟು, ತೆಗೆದು, ಮತ್ತೆ ಇಟ್ಟರು.

"ಆಗವಲ್ದು. ನಿಮ್ಮ ಗೋಡಿ ಕೆಂಪು ಜಂಬಮ್ಮನ ಮುಖದ ಮ್ಯಾಲೆ ಬೀಳಾಕತ್ತೈತಿ. ಅಡ್ಡ ಏನರ ಹಿಡೀಬೇಕು. ಕರಿ ಕಂಬಳಿ ಐತೇನು?"

ಕಂಬಳಿ ಬಂತು. ಒಂದು ತುದಿಯನ್ನು ಪೂಜಿತಾ ಹಿಡಿದಳು. ಇನ್ನೊಂದು ತುದಿ ಮೇಲೆ ಹೋಗಬೇಕಿತ್ತು. ಅಲ್ಲಿದ್ದವರಲ್ಲಿ ಎತ್ತರದವನು ಹಂಪೇಶ್ ಒಬ್ಬನೇ. ಅವನು ಏಣಿ ಹತ್ತಿ ಕಂಬಳಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದ. ತನ್ನ ಗೋಡೆಯನ್ನು ತಾನೇ ಮುಚ್ಚಿದ.

"ಈಗ ಸರಿ ಆತು. ಬಲಕ್ಕ ಜಾಗ ಖಾಲಿ ಕಾಣ್ತೈತಲ್ಲ. ಯಮ್ಮಾ ಊರಮ್ಮ, ನಿಮ್ಮದೇ ಗೋಡಿ, ನೀವು ಬರ್ರಿ."

ಊರಮ್ಮ ಒಂದು ಸಲವೂ ಬೇಡವೆನ್ನಲಿಲ್ಲ. ಸೆರಗು ಹೊದ್ದು ಜಂಬಮ್ಮನ ಪಕ್ಕ ನಿಂತಳು, ಪೂರ್ತಿಯಾಗಿ. ಜಂಬಮ್ಮ ಅವಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಹುಡುಗಿಯರಂತೆ ನಕ್ಕರು. ಕ್ಯಾಮರಾ ಕ್ಲಿಕ್ಕೆಂದಿತು. ಕಂಬಳಿಯ ಹಿಂದಿದ್ದ ಹಂಪೇಶನಿಗೆ ಆ ಸದ್ದು ಮಾತ್ರ ಕೇಳಿಸಿತು.

"ರಾಯರ, ನಂದು?" ಎಂದ ಅವನು ಕಂಬಳಿಯೊಳಗಿಂದ.

"ಬಾರಪ್ಪ, ಬಾ, ಇನ್ನೊಂದು ತಕ್ಕೊಳ್ಳೂಣು."

ಹಂಪೇಶ್ ಏಣಿ ಇಳಿದ. ಅವಸರದಲ್ಲಿ ಒಂದು ಮೆಟ್ಟಿಲು ತಪ್ಪಿ, ಕಂಬಳಿಯೊಳಗೆ ಸಿಕ್ಕಿ, ಬಿಡಿಸಿಕೊಂಡು ತಾಯಿಯ ಪಕ್ಕಕ್ಕೆ ಬಂದು ನಿಂತು ಎದೆ ಉಬ್ಬಿಸಿದ. ರಾಯರು ಕ್ಯಾಮರಾ ಎತ್ತಿದರು. ಆಮೇಲೆ ಮೆಲ್ಲಗೆ ಇಳಿಸಿದರು. ಹೊತ್ತು ಬಂಡೆಯ ಹಿಂದಕ್ಕೆ ಹೋಗಿತ್ತು. ಹಂಪೇಶನ ಬೆನ್ನ ಹಿಂದಿನ ಗೋಡೆ ಸುಣ್ಣದ ಗೋಡೆಯಾಗಿತ್ತು.

"ಬೆಳಕು ಹೋತಲ್ಲಪ್ಪ," ಎಂದರು ಅವರು, ನಿಜವಾಗಿ ನೊಂದುಕೊಂಡು.

ಕಾರು ಹೊರಡುವಾಗ ಶ್ರೀವಾಣಿ, "ಪುಸ್ತಕ ಬಂದ ತಕ್ಷಣ ಎರಡು ಪ್ರತಿ ಕಳಿಸ್ತೀವಿ. ಜಂಬಮ್ಮನವರಿಗೊಂದು, ಊರಮ್ಮನವರಿಗೊಂದು. ಮನೆ ಯಾರದು ಅಂತ ಕೆಳಗೆ ಹೆಸರು ಹಾಕ್ತೀವಿ. ನೋಡೋಕೆ ಜನ ಬಂದೇ ಬರ್ತಾರೆ," ಎಂದಳು.

ಧೂಳು ಇಳಿಯಿತು. ಗಂಗಾಂಬಿಕಾ ಪುಸ್ತಕವನ್ನು ಸೀರೆಯೊಳಗೆ ಸುತ್ತಿದಳು. ದೊಡ್ಡಬಸಪ್ಪನವರು ಹಂಪೇಶನ ಬೆನ್ನು ತಟ್ಟಿ, ಅಂಗೈ ನೋಡಿಕೊಂಡು, ಪಂಚೆಗೆ ಒರೆಸಿಕೊಂಡು ಹೋದರು. ಹಂಪೇಶ್ ಕಟ್ಟೆಯ ಮೇಲೆ ಕುಸಿದು ಕೂತ. ಊರಮ್ಮ ಮಾತ್ರ ಒಳಗೆ ಹೋಗದೆ, ಸೊಂಟದ ಮೇಲೆ ಕೈಯಿಟ್ಟು ತನ್ನ ಬೆಳ್ಳನೆಯ ಗೋಡೆಯನ್ನು ಮೇಲಿಂದ ಕೆಳಗೆ ನೋಡುತ್ತಿದ್ದಳು. ಅವಳ ಹಣೆಯಲ್ಲಿ ಚಿಂತೆಯ ಗೆರೆಯೊಂದು ಮೂಡಿತು.

"ಲೇ ಹಂಪೇಶಿ," ಎಂದಳು. "ಪುಸ್ತಕ ನೋಡಿ ಜನ ಬರ್ತಾರಂತ. ಎಲ್ಲಾರೂ ಆ ಹತ್ತು ನಿಮಿಷಕ್ಕೇ ಬರ್ತಾರೇನು? ಮಟಮಟ ಮಧ್ಯಾಹ್ನ ಬಂದವ್ರು ಈ ಸುಣ್ಣ ನೋಡಿ ಏನಂದ್ಕೊಂಡಾರು?"

ಹಂಪೇಶ್ ತಲೆಯೆತ್ತಿದ.

"ಆ ಹಂಡ್ಯಾಗ ಬಣ್ಣ ಇನ್ನೂ ಉಳ್ದೈತಲ್ಲ, ಒಣಗೋಕಿಂತ ಮೊದ್ಲು ತಗೊಂಡು ಬಾ. ಏಣಿನೂ ತಾ. ನಿನಗ ಹೆಂಗೂ ಕೈ ಕುಂತೈತಿ."